ಅಳಿಸಿದ ಮೇಲೆ ಓಡಿದ ದೂರ

ರುಸ್ತಾವಿಯ ಕಾರುಸಂತೆಯ ಹಿಂಬದಿಗೆ,
ಉಕ್ಕಿನ ಕಾರ್ಖಾನೆಯ ಚಿಮಣಿ ಕಾಣುವ ಕಡೆ
ನನ್ನ ಗ್ಯಾರೇಜು. ಬಾಗಿಲ ಮೇಲೆ ಇನ್ನೂ ಅಪ್ಪನ ಹೆಸರು,
ಜುಂಬೆರ್. ಹೆಂಗಸಿನ ಹೆಸರು ಬರೆಸಿದರೆ
ಯಾರೂ ಗೇರ್‌ಬಾಕ್ಸ್ ತರುವುದಿಲ್ಲ ಎಂದಿದ್ದ ಅವನೇ,
ತಮಾಷೆಗೋ ಏನೋ, ಗೊತ್ತಾಗಲಿಲ್ಲ.

ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಹಲ್ಲಲ್ಲಿ ಕಚ್ಚಿ
ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ ಕೇಳುತ್ತಿದ್ದ.
ಯಾವ ಬೇರಿಂಗು ಸವೆದಿದೆ ಎಂದು
ಅವನ ದವಡೆಗೆ ತಿಳಿಯುತ್ತಿತ್ತು.
ನಾನು ಸ್ಟಿಯರಿಂಗಿನ ಕೆಳಗೆ ಬಗ್ಗಿ
ಹದಿನಾರು ತೂತಿನ ಸಾಕೆಟ್ಟಿಗೆ ಪ್ಲಗ್ಗು ಸಿಕ್ಕಿಸುತ್ತೇನೆ.

ಬೆಳಿಗ್ಗೆ ಮುರ್ಮಾನ್ ಬಂದ.
ಪೋತಿ ಬಂದರಿನಲ್ಲಿ ಇಳಿದ ಬೂದುಬಣ್ಣದ ಕಾರು,
ಅಮೆರಿಕದಲ್ಲೆಲ್ಲೋ ನೆರೆಗೋ ಕಂಬಕ್ಕೋ ಸಿಕ್ಕಿದ್ದು.
ಹೊಸ ಬಂಪರು, ಹೊಸ ಬಣ್ಣ.
"ಸುಮ್ಮನೆ ನೋಡು, ಒಂದು ಚೀಟಿ ಬರೆದುಕೊಡು,
ನಾಳೆ ಅಕ್ತಾವಿನಿಂದ ಗಿರಾಕಿ ಬರುತ್ತಾನೆ."
ಡ್ಯಾಶಿನಲ್ಲಿ ಒಂದೂ ದೀಪವಿಲ್ಲ ಎಂದು ಎರಡು ಸಲ ಹೇಳಿದ.
ಕುಂಬಳಕಾಯಿಯ ಸುದ್ದಿಯನ್ನು ನಾನಿನ್ನೂ ಎತ್ತಿರಲಿಲ್ಲ,
ಅವನಾಗಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಪರದೆಯ ಮೇಲೆ: ದೋಷಗಳು, ಸೊನ್ನೆ.
ಸ್ವಪರೀಕ್ಷೆಗಳು, ಮುಗಿದಿಲ್ಲ, ಮುಗಿದಿಲ್ಲ, ಮುಗಿದಿಲ್ಲ.
ಅಳಿಸಿದ ಮೇಲೆ ಓಡಿದ ದೂರ: ಹನ್ನೊಂದು ಕಿಲೋಮೀಟರು.

ಎಂಟು ವರ್ಷದ ಕಾರಿಗೆ
ಹನ್ನೊಂದು ಕಿಲೋಮೀಟರಿನ ನೆನಪು.

ಹತ್ತು, ಎಂದೆ.

ತಣ್ಣಗಿನ ಎಣ್ಣೆಯನ್ನು ಅದು ಏನೂ ಕೇಳುವುದಿಲ್ಲ.
ಬಿಸಿಯಾಗಲಿ ಎಂದು ಕಾಯುತ್ತದೆ.
ಅಷ್ಟರಲ್ಲಿ ತ್ಬಿಲಿಸಿಯ ಹೆದ್ದಾರಿಗೆ ಬಂದಿದ್ದೆವು.
ಗೇರ್‌ಬಾಕ್ಸಿನೊಳಗೆ ಎರಡು ಸೆನ್ಸರು:
ಒಂದು ಒಳಗೆ ಬಂದ ಸುತ್ತು ಎಣಿಸುತ್ತದೆ,
ಇನ್ನೊಂದು ಹೊರಗೆ ಹೋದದ್ದನ್ನು,
ಎರಡು ಬಾಗಿಲಲ್ಲಿ ಕೂತ ಇಬ್ಬರು ಗುಮಾಸ್ತರು,
ಒಬ್ಬರ ಮುಖ ಒಬ್ಬರು ಕಂಡವರಲ್ಲ.
ನಾಲ್ಕನೇ ಗೇರಿನಲ್ಲಿ ಒಂದಕ್ಕೆ ಒಂದು;
ಎರಡು ಸಾವಿರ ಬಂದರೆ ಎರಡು ಸಾವಿರ ಹೋಗಬೇಕು.
ಹೋದದ್ದು ಸಾವಿರದ ಎಂಟುನೂರ ನಲವತ್ತು.
ಉಳಿದ ನೂರ ಅರವತ್ತು ಎಲ್ಲಿ?
ಜಾರುವ ಕ್ಲಚ್ಚಿನ ತಟ್ಟೆಗಳ ನಡುವೆ
ಬರೀ ಕಾವಾಗಿ ಎಣ್ಣೆಗೆ ಇಳಿದಿವೆ.
ಮುರ್ಮಾನನಿಗೆ ಏನೂ ತಿಳಿಯಲಿಲ್ಲ. ಅವನು
ಮುಂದಿನ ಟ್ರೇಲರಿನ ಮೇಲಿದ್ದ ಕಾರುಗಳಿಗೆ ಬೆಲೆ ಕಟ್ಟುತ್ತಿದ್ದ.

ದೀಪ ಹತ್ತಲಿಲ್ಲ. ಒಮ್ಮೆಗೆ ಹತ್ತುವುದಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು
ಯಾರು ಕಲಿಸಿದರೋ ಆ ಅಂಗೈಯಗಲದ ಪೆಟ್ಟಿಗೆಗೆ.
ಎಷ್ಟು ವೇಗ, ಎಷ್ಟು ಕಾವು, ಕಾಲು ಎಷ್ಟು ಒತ್ತಿತ್ತು,
ಎಲ್ಲ ಬದಿಗೆ ಬರೆದಿಟ್ಟುಕೊಂಡು ಸುಮ್ಮನಾಯಿತು.

ಎಂಜಿನ್ ಆರಿಸಿದೆ. ದಾರಿಬದಿಯಲ್ಲಿ ಲೋಬಿಯಾನಿ,
ಬೇಯಿಸಿದ ಕಾಳು ತುಂಬಿದ ಬಿಸಿ ರೊಟ್ಟಿ.
ದುಡ್ಡು ಅವನೇ ಕೊಟ್ಟ. ಮಗಳ ಹಲ್ಲಿಗೆ ತಂತಿ ಕಟ್ಟಿಸುವ ಖರ್ಚು,
ಬಂದರಿನ ಸುಂಕ, ತಮ್ಮನ ಸಾಲ.
ನಾನು ಹೂಂಗುಟ್ಟಿದೆ. ರೊಟ್ಟಿ ಚೆನ್ನಾಗಿತ್ತು.

ಬರುವಾಗ ಅದೇ ನಾಲ್ಕನೇ ಗೇರು.
ಡ್ಯಾಶಿನಲ್ಲಿ ಸಣ್ಣ ಹಳದಿ ದೀಪ.
ಕಾರು ಮೂರಕ್ಕೆ ಇಳಿದು ಅಲ್ಲೇ ಕಾಲೂರಿತು,
ಮನೆ ಮುಟ್ಟಿಸುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡ
ಎನ್ನುವ ಮುದಿ ಕತ್ತೆಯ ಹಾಗೆ.

ಗ್ಯಾರೇಜಿಗೆ ಬಂದ ಮೇಲೆ "ಅಳಿಸು" ಎಂದ.
ನಿನ್ನೆ ಯಾರು ಅಳಿಸಿದರು ಎಂದು ನಾನು ಕೇಳಲಿಲ್ಲ.
ಆ ಗುಂಡಿ ಪರದೆಯ ಬಲಗಡೆ ಇದೆ, ಹಸಿರು,
ದಿನಕ್ಕೆ ಹತ್ತು ಸಲ ಒತ್ತುತ್ತೇನೆ, ರಿಪೇರಿ ಮುಗಿಸಿ.
ಒತ್ತಿದರೂ ಈಗ ಒಂದು ಸಾಲು ಉಳಿಯುತ್ತದೆ,
ನನ್ನ ಕೈಗೂ ಸಿಗದ್ದು:
ಕಾರು ತಾನೇ ಓಡಿ, ತಾನೇ ನೋಡಿ
ಸರಿಯಾಗಿದೆ ಎಂದು ಒಪ್ಪಬೇಕು, ಆಮೇಲಷ್ಟೇ ಅಳಿಯುವುದು.
ತೋರಿಸಿದೆ. ಬಹಳ ಹೊತ್ತು ನೋಡಿದ.
"ಅಕ್ತಾವಿನವನ ಹತ್ತಿರ ಈ ಯಂತ್ರ ಇರುತ್ತದೆಯೆ?"

ಅಪ್ಪನ ಹೆಸರಿನ ಚೀಟಿಪುಸ್ತಕ ತೆಗೆದು
ದೋಷದ ಸಂಖ್ಯೆ, ಕಾವು, ವೇಗ,
ನೂರ ಅರವತ್ತು ಸುತ್ತು, ಎಲ್ಲ ಬರೆದು
ಕೆಳಗೆ ನಾಜಿಬ್ರೋಲಾ ಎಂದು ರುಜು ಹಾಕಿದೆ.

ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ.
ಕಾರು ಮೂರನೇ ಗೇರಿನಲ್ಲೇ
ಸಂತೆಯ ಕಡೆಗೆ ತಿರುಗಿತು.